ಲ್ಯಾಪ್‌ಟಾಪಿನ ಮೇಲಿನ ಇಂಟು ಮಾರ್ಕು

“ಗುರುಗಳೇ, ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ. ಅದನ್ನೂ ಬಿಡಬೇಕೇ?” ಎಂದು ನಿಜಗುಣ ಕೇಳಿದ.

ನಿಜಗುಣ ಮಠಕ್ಕೆ ಹೊಸದಾಗಿ ಬಂದವರಿಗೆ ಹಾಡು ಕಲಿಸುವ ಶಿಷ್ಯ. ಯಾರ ಕಂಠ ಹಾಡಿಗೆ ಆಗುತ್ತದೆ, ಯಾರದು ಆಗುವುದಿಲ್ಲ ಎಂಬುದನ್ನು ಒಂದೇ ಸಾಲು ಕೇಳಿ ಹೇಳುತ್ತಿದ್ದ. ಅವನು ಆಗದು ಎಂದರೆ ಮುಗಿಯಿತು, ಬಂದವರು ಗಂಟುಮೂಟೆ ಕಟ್ಟಬೇಕು. ಉಳಿದ ಶಿಷ್ಯರು ಇವನಿಗೆ ಗರ್ವ ಬಂದಿದೆ ಎಂದು ಆಡಿಕೊಳ್ಳುತ್ತಿದ್ದರು. ಆ ಮಾತು ಅವನ ಕಿವಿಗೂ ಬಿದ್ದಿತ್ತು.

ಗುರುಗಳು ನಕ್ಕರು. “ಬಿಡು ಅಂದರೆ ಈಗಲೇ ಬಿಟ್ಟುಬಿಡುವವನ ಹಾಗೆ ಕೇಳುತ್ತೀಯಲ್ಲ. ಕೂತುಕೋ. ಒಬ್ಬ ರಿಪೇರಿಯವನ ಕತೆ ಹೇಳುತ್ತೇನೆ,” ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಲ್ಯಾಪ್‌ಟಾಪ್ ರಿಪೇರಿಯವನಿದ್ದ. ಅವನ ಬೀದಿಯಲ್ಲಿ ಅಂಥ ಅಂಗಡಿಗಳು ಬೇಕಾದಷ್ಟಿದ್ದವು, ಆದರೆ ಇವನ ಮಾತೇ ಮಾತು. ಅದು ಸುಮ್ಮನೆ ಬಂದ ಹೆಸರಲ್ಲ. ಚಹಾ ಕುಡಿದ ಲ್ಯಾಪ್‌ಟಾಪು, ಇರುವೆ ಗೂಡು ಕಟ್ಟಿದ ಲ್ಯಾಪ್‌ಟಾಪು, ಬಸ್ಸಿನಿಂದ ಕೆಳಗೆ ಬಿದ್ದ ಲ್ಯಾಪ್‌ಟಾಪು, ಹೀಗೆ ಬೇರೆಯವರು ಕೈಚೆಲ್ಲಿದ್ದನ್ನೆಲ್ಲ ಅವನು ಎಬ್ಬಿಸಿ ಕೂರಿಸಿದ್ದ. ನನ್ನ ಕಣ್ಣು ತಪ್ಪಿಸುವ ದೋಷ ಇನ್ನೂ ಹುಟ್ಟಿಲ್ಲ ಎನ್ನುತ್ತಿದ್ದ. ಬಾಯಿಮಾತಿಗೆ ಹೇಳುತ್ತಿರಲಿಲ್ಲ, ನಂಬಿಯೇ ಹೇಳುತ್ತಿದ್ದ.

ಮೇಜಿನ ಮೇಲೆ ದೊಡ್ಡ ದೊಡ್ಡ ಬಿಳಿ ದೀಪ ಹಾಕಿಸಿದ್ದ. ಒಂದು ಕೂದಲೆಳೆ ಬಿದ್ದರೂ ಕಾಣಬೇಕು, ಅಷ್ಟು ಬೆಳಕು. ಯಂತ್ರ ಇನ್ನು ಏಳುವುದಿಲ್ಲ ಎನ್ನಿಸಿದರೆ ಅದರ ಮುಚ್ಚಳದ ಬೆನ್ನಿಗೆ ಸೀಮೆಸುಣ್ಣದಿಂದ ಒಂದು ಇಂಟು ಮಾರ್ಕು ಎಳೆಯುತ್ತಿದ್ದ. ಆ ಮಾರ್ಕು ಬಿದ್ದ ಯಂತ್ರವನ್ನು ಬೀದಿಯಲ್ಲಿ ಬೇರೆ ಯಾರೂ ಬಿಚ್ಚುತ್ತಿರಲಿಲ್ಲ. ಅವರೇ ಆಗಲ್ಲ ಅಂದ ಮೇಲೆ ನಾವೇನು ನೋಡೋದು ಎಂದು ವಾಪಸ್ ಕೊಡುತ್ತಿದ್ದರು. ಅಲ್ಲಿಂದ ಅದು ನೇರ ಗುಜರಿಗೆ.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ತಾಲ್ಲೂಕು ಕಚೇರಿಯ ಎದುರು ಕೂತು ಜನರಿಗೆ ಅರ್ಜಿ ಟೈಪು ಮಾಡಿಕೊಡುವವಳು. ಅಂದು ಬೆಳಿಗ್ಗೆ ಒಂದು ಅರ್ಜಿಯ ನಡುವೆಯೇ ಅವಳ ಲ್ಯಾಪ್‌ಟಾಪಿನ ಪರದೆ ಕಪ್ಪಾಗಿಬಿಟ್ಟಿತ್ತು. ಅವಳ ಅನ್ನ ಇದ್ದದ್ದೇ ಅದರಲ್ಲಿ. ಇನ್ನೊಂದನ್ನು ತರುವ ದಾರಿ ಅವಳಿಗಿರಲಿಲ್ಲ.

ಪರದೆ ಕಪ್ಪಾದರೆ ನೋಡುವ ಕ್ರಮ ಒಂದಿದೆ. ಯಂತ್ರವನ್ನು ಬೇರೊಂದು ಪರದೆಗೆ ಜೋಡಿಸಬೇಕು. ಅಲ್ಲಿ ಚಿತ್ರ ಬಂದರೆ ಒಳಗೆಲ್ಲ ಸರಿಯಿದೆ, ದೋಷ ಅದರ ಸ್ವಂತ ಪರದೆಯದು. ಅಲ್ಲೂ ಬರದಿದ್ದರೆ ದೋಷ ಒಳಗಿನದು. ಕೆಲಸಕ್ಕೆ ಸೇರಿದ ಹೊಸತರಲ್ಲೇ ಕಲಿಸುವ ಪಾಠ ಅದು. ಇವನೂ ಕಲಿತಿದ್ದ, ಹೆಸರು ಬಂದ ಮೇಲೆ ಬಿಟ್ಟಿದ್ದ. ಅದೆಲ್ಲ ಎಳಸು ಕೈಗಳಿಗೆ, ನನಗೇಕೆ ಎಂದುಕೊಂಡಿದ್ದ. ಅವಳ ಲ್ಯಾಪ್‌ಟಾಪನ್ನು ದೀಪದ ಕೆಳಗೆ ಹಿಡಿದ, ಆಚೆ ಈಚೆ ತಿರುಗಿಸಿದ. ಎಲ್ಲಿ ನೋಡಿದರೂ ಕಪ್ಪು.

“ಒಳಗಿನ ಬೋರ್ಡೇ ಹೋಗಿದೆ ಅಕ್ಕ. ಇದರ ಆಸೆ ಬಿಡಿ,” ಎಂದು ಮಾರ್ಕು ಎಳೆದೇಬಿಟ್ಟ.

“ಇನ್ನೊಂದು ಸಲ ನೋಡಿ ಅಣ್ಣ. ಒಳಗೆ ಗುಂಯ್ ಅಂತಿದೆ, ಬಿಸಿಯೂ ಆಗ್ತಿದೆ.”

“ಗುಂಯ್ ಅನ್ನುವುದೆಲ್ಲ ಕೆಲಸ ಮಾಡುವುದಿಲ್ಲ ಅಕ್ಕ. ನಾನು ನೋಡುವುದು ಒಂದೇ ಸಲ.”

ಇಲ್ಲಿ ನಿಜಗುಣ ಬಾಯಿ ಹಾಕಿದ. “ಅಷ್ಟು ಅನುಭವ ಇದ್ದವನು ಹೇಳಿದ ಮೇಲೆ ಸರಿಯೇ ಇರಬೇಕು.”

“ಅವನೂ ಹಾಗೇ ಅಂದುಕೊಂಡ,” ಎಂದು ಗುರುಗಳು ಕತೆ ಮುಂದುವರಿಸಿದರು.

ಅಷ್ಟರಲ್ಲಿ ಕರೆಂಟು ಹೋಯಿತು. ಮೇಜಿನ ದೀಪಗಳು ಆರಿ ಅಂಗಡಿಯೆಲ್ಲ ಮಬ್ಬಾಯಿತು. ಬೀದಿಯ ಬೆಳಕು ಮಾತ್ರ ಬಾಗಿಲಿನಿಂದ ಓರೆಯಾಗಿ ಬಂದು, ಬ್ಯಾಟರಿಯಲ್ಲಿ ಇನ್ನೂ ಓಡುತ್ತಿದ್ದ ಲ್ಯಾಪ್‌ಟಾಪಿನ ಮೇಲೆ ಬಿತ್ತು. ಕಪ್ಪು ಪರದೆಯ ಒಳಗೆ ಅಕ್ಷರಗಳಿದ್ದವು. ಮಸುಕಾಗಿ, ಇದ್ದೂ ಇಲ್ಲದಂತೆ ಇದ್ದವು. ರಿಪೇರಿಯವನು ಬಗ್ಗಿ ನೋಡಿದ. ಅದು ಅರ್ಧಕ್ಕೆ ನಿಂತ ಅರ್ಜಿ. ‘ಮಾನ್ಯರೇ’ ಎಂಬ ಮೊದಲ ಮಾತು ಓದಲು ಬಂತು.

ಬೋರ್ಡು ಹೋಗಿರಲೇ ಇಲ್ಲ. ಚಿತ್ರ ಬರುತ್ತಲೇ ಇತ್ತು, ಪರದೆಯ ಹಿಂದೆ ಉರಿಯಬೇಕಾದ ಬೆಳಕು ಮಾತ್ರ ಕೆಟ್ಟಿತ್ತು. ಅವನು ಅಷ್ಟು ಅಭಿಮಾನದಿಂದ ಹಾಕಿಸಿದ್ದ ದೀಪಗಳೇ ಆ ಮಸುಕನ್ನು ನುಂಗಿಹಾಕಿದ್ದವು.

ಹೆಂಗಸು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬೀದಿಯ ಕಡೆ ತಿರುಗಿ ನಿಂತಿದ್ದಳು. ಅವಳು ನೋಡಿರಲಿಲ್ಲ. ಕರೆಂಟು ಹೋಗಿದ್ದರಿಂದ ಅಕ್ಕಪಕ್ಕದ ಅಂಗಡಿಯವರು ಹೊರಗೆ ಬಂದು ಹರಟುತ್ತಿದ್ದರು, ಅವರೂ ನೋಡಿರಲಿಲ್ಲ. ದೀಪ ಹತ್ತಿದರೆ ಪರದೆ ಮತ್ತೆ ಕಪ್ಪು. ಅವನು ಸುಮ್ಮನಿದ್ದರೆ ಸಾಕಿತ್ತು, ಹೆಸರಿಗೆ ಒಂದು ಚೂರೂ ಕುಂದು ಬರುತ್ತಿರಲಿಲ್ಲ. ಹೆಂಗಸು ಆ ಮಾರ್ಕು ಹೊತ್ತು ಅಂಗಡಿ ಅಂಗಡಿ ಅಲೆದು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದಳು. ಇದು ಅವನಿಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಗಳಿಗೆ ಅವನ ಕೈ ಮುಚ್ಚಳದ ಮೇಲೇ ನಿಂತಿತು. ಆಮೇಲೆ ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಬದುಕಿರುವ ಯಂತ್ರವನ್ನು ಗುಜರಿಗೆ ಕಳಿಸುವುದಕ್ಕೆ ನಾನೇನು ಕೆಲಸ ಬಾರದವನೇ ಎಂದುಕೊಂಡ.

ಟಾರ್ಚು ತೆಗೆದು ಪರದೆಗೆ ಓರೆಯಾಗಿ ಹಿಡಿದ. “ಅಕ್ಕ, ಇಲ್ಲಿ ಬನ್ನಿ. ನಾನು ಹೇಳಿದ್ದು ತಪ್ಪು. ಇದಕ್ಕೆ ಜೀವ ಇದೆ. ನಿಮ್ಮ ಅರ್ಜಿ ನೀವೇ ಓದಿ ನೋಡಿ,” ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. ಅಂಗಿಯ ತೋಳಿನಿಂದ ಮಾರ್ಕನ್ನು ತಿಕ್ಕಿ ಒರೆಸಿದ. ಹೆಂಗಸು ಬಗ್ಗಿ ಓದಿದಳು, ಅವಳ ಕಣ್ಣು ತುಂಬಿ ಬಂತು. ಕರೆಂಟು ಬಂದ ಮೇಲೆ ಅವನು ಯಂತ್ರವನ್ನು ಬೇರೊಂದು ಪರದೆಗೆ ಜೋಡಿಸಿದ, ಹೊಸದಾಗಿ ಕಲಿಯುವವರು ಮಾಡುವ ಹಾಗೆಯೇ. ಅರ್ಜಿ ಅಲ್ಲಿ ನಿಚ್ಚಳವಾಗಿ ಕಂಡಿತು. ಸಂಜೆಯೊಳಗೆ ಅವಳ ಲ್ಯಾಪ್‌ಟಾಪಿಗೆ ಬೇರೆ ಪರದೆ ಕೂರಿಸಿ ಕೊಟ್ಟ.

ಪಕ್ಕದ ಅಂಗಡಿಯವನು ಬಿಡುತ್ತಾನೆಯೇ? “ಏನಣ್ಣ, ನಿನ್ನ ಮಾರ್ಕೂ ಅಳಿಸುತ್ತದೆ ಅಂತ ಇವತ್ತು ಗೊತ್ತಾಯಿತು,” ಎಂದು ಕಾಲೆಳೆದ.

ರಿಪೇರಿಯವನು ತಲೆ ತಗ್ಗಿಸಲಿಲ್ಲ. “ಅಳಿಸಿದ್ದು ಯಾರು ಅನ್ನುವುದನ್ನೂ ನೋಡಿದೆಯಲ್ಲ. ನನ್ನ ತಪ್ಪು ಹಿಡಿಯುವವನು ಈ ಬೀದಿಯಲ್ಲಿ ನಾನೊಬ್ಬನೇ,” ಎಂದ. ಹಾಗೆ ಹೇಳುವಾಗ ಅವನಿಗೆ ಆದ ಹೆಮ್ಮೆ ಹಿಂದೆ ಎಂದೂ ಆಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣನ ಮುಖ ಅರಳಿತು.

“ಹಾಗಾದರೆ ಅವನು ಹೆಮ್ಮೆ ಬಿಡಲಿಲ್ಲ. ನಾನೂ ಇಟ್ಟುಕೊಳ್ಳಬಹುದು,” ಎಂದ.

“ಧಾರಾಳವಾಗಿ ಇಟ್ಟುಕೋ,” ಎಂದರು ಗುರುಗಳು, “ಆದರೆ ನೀನು ಆಗದು ಎಂದು ಕಳಿಸಿದವರಲ್ಲಿ ಯಾರನ್ನು ಮತ್ತೆ ಕರೆದು ಹಾಡಿಸಿದ್ದೀಯ, ಒಬ್ಬರ ಹೆಸರು ಹೇಳು.”