ನಲವತ್ತೊಂದನೆಯ ಸಾಲು

"ಗುರುಗಳೇ, ಗೆಳೆಯ ಕಟ್ಟಿಕೊಟ್ಟ ಸಾಫ್ಟ್‌ವೇರ್ ಪ್ಯಾಕೇಜನ್ನು ಬಿಚ್ಚಿ ನೋಡಿದರೆ ಅವನನ್ನು ಅನುಮಾನಿಸಿದ ಹಾಗಲ್ಲವೇ?" ಎಂದು ಶಿಷ್ಯ ಕೇಳಿದ.

ಪ್ಯಾಕೇಜು ಅವನ ಕಂಪ್ಯೂಟರಿನಲ್ಲಿತ್ತು. ಅವನು ಒಪ್ಪಿಗೆ ಒತ್ತಿದರೆ ಅದು ಊರೂರಿನ ಯಂತ್ರಗಳಿಗೆ ಹೋಗುತ್ತಿತ್ತು.

ಗುರುಗಳು ತಲೆ ಕೆರೆದುಕೊಂಡರು. ಅವರಿಗೆ ಉತ್ತರ ಬರುವ ಮೊದಲು ತುರಿಕೆ ಬರುತ್ತಿತ್ತು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವ ಯಂತ್ರವಿತ್ತು. ಎಷ್ಟು ಬೆರೆಸಬೇಕೆಂದು ಅದಕ್ಕೆ ಹೇಳುತ್ತಿದ್ದುದು ಸಾಫ್ಟ್‌ವೇರ್. ಅದರ ಸೋರ್ಸ್ ಕೋಡ್, ಅಂದರೆ ಅದನ್ನು ಬರೆದ ಮೂಲ ಸಾಲುಗಳು, ಎಲ್ಲರಿಗೂ ತೆರೆದಿತ್ತು. ಯಾವ ಸಾಲನ್ನು ಯಾರು ಯಾವತ್ತು ತಿದ್ದಿದರು ಎಂಬುದೂ ಅಲ್ಲೇ ದಾಖಲಾಗುತ್ತಿತ್ತು. ನೂರು ಜನ ಅದನ್ನು ಓದಿದ್ದರು, ತಪ್ಪು ಹುಡುಕಿದ್ದರು, ಒಂದು ಅಲ್ಪವಿರಾಮಕ್ಕೆ ವಾರಗಟ್ಟಲೆ ಮಾತು ಬಿಟ್ಟವರೂ ಇದ್ದರು.

ಆದರೆ ಯಂತ್ರಕ್ಕೆ ಹೋಗುತ್ತಿದ್ದುದು ಅವರು ಓದಿದ ಕೋಡ್ ಅಲ್ಲ. ಒಬ್ಬ ಮನುಷ್ಯ ಅದನ್ನು ತನ್ನ ಕಂಪ್ಯೂಟರಿನಲ್ಲಿ ಪ್ಯಾಕೇಜು ಮಾಡಿ, ಗಂಟು ಕಟ್ಟಿ ಕಳಿಸುತ್ತಿದ್ದ. ಹೋಗುತ್ತಿದ್ದುದು ಆ ಗಂಟು. ಅದನ್ನು ಒಬ್ಬರೂ ಬಿಚ್ಚಿರಲಿಲ್ಲ.

ಒಂದು ಬೆಳಿಗ್ಗೆ ಹಳೆಯ ಸಾಫ್ಟ್‌ವೇರ್ ಕೆಟ್ಟು ಯಂತ್ರ ನಿಂತಿತು. ಊರಿನ ನಲ್ಲಿಗಳೂ ನಿಂತವು. ಕಟ್ಟುವವನು ಹೊಸ ಗಂಟನ್ನು ಕಂಪ್ಯೂಟರ್ ಸಮೇತ ತಾನೇ ಹೊತ್ತು ತಂದ. ನೀರಿನ ಘಟಕದಲ್ಲಿ ಒಬ್ಬ ಹೆಂಗಸು ಎಂಜಿನಿಯರ್ ಆಗಿದ್ದಳು. ಆ ಕೆಲಸಕ್ಕೆ ಬಂದು ತಿಂಗಳಾಗಿತ್ತು. ಸೋರ್ಸ್ ಕೋಡಿನಿಂದ ನಾನೂ ಒಂದು ಗಂಟು ಕಟ್ಟುತ್ತೇನೆ, ಎರಡನ್ನೂ ಹೋಲಿಸಿ ಆಮೇಲೆ ಯಂತ್ರಕ್ಕೆ ಹಾಕೋಣ ಎಂದಳು.

ಗೇಟಿನ ಹೊರಗೆ ಕೊಡಗಳು ಸೇರಿದವು. ಕೊಡಗಳ ಹಿಂದೆ ಜನ ಸೇರಿದರು. ಮೇಡಂ ಓದಿದ್ದು ಜಾಸ್ತಿಯಾಗಿದೆ, ಇಳಿಯೋವರೆಗೆ ಕಾಯಿರಿ ಎಂದು ಒಬ್ಬ ಅಂದ. ಟ್ಯಾಂಕಿನ ತಳದಲ್ಲಿ ಇನ್ನೊಂದು ಗಂಟೆಗಾಗುವಷ್ಟು ನೀರಿತ್ತು. ಅದು ಆಸ್ಪತ್ರೆಯ ಪಾಲು. ಪಂಚಾಯಿತಿಯ ಅಧ್ಯಕ್ಷರು ಮೂರು ಸಲ ಫೋನ್ ಮಾಡಿದರು. ಮೂರನೆಯ ಸಲ ಹೆಸರು ಹಿಡಿದು ಕರೆಯಲಿಲ್ಲ, ಏನಮ್ಮಾ ಎಂದರು.

ಕಟ್ಟುವವನ ಮುಖ ಚಿಕ್ಕದಾಯಿತು. "ಹನ್ನೊಂದು ವರ್ಷದಿಂದ ಕಟ್ತಾ ಇದ್ದೀನಿ ಮೇಡಂ. ಇವತ್ತು ಕಳ್ಳ ಆದ್ನಾ?"

"ಕಳ್ಳ ಅಂತ ಯಾರಂದ್ರು? ಬಿಚ್ಚಿ ನೋಡ್ತೀನಿ ಅಂದೆ. ಕೂತ್ಕೊಳ್ಳಿ. ನೀರು ಕುಡೀರಿ ಅನ್ನೋಣ ಅಂದ್ರೆ ಅದೂ ಇಲ್ಲ."

ಎರಡೂ ಗಂಟುಗಳನ್ನು ಬಿಚ್ಚಿ ಹೋಲಿಸಿದಳು. ನಾನೂರು ಫೈಲುಗಳು ಅಕ್ಷರಕ್ಕೆ ಅಕ್ಷರ ಕೂಡಿದವು. ಒಂದು ಕೂಡಲಿಲ್ಲ. ಸೋರ್ಸ್ ಕೋಡಿನಲ್ಲಿ ಆ ಫೈಲೇ ಇರಲಿಲ್ಲ.

ಕಟ್ಟುವವನು ನಕ್ಕ. ಅದು ಗಂಟು ಕಟ್ಟುವಾಗ ಕಂಪ್ಯೂಟರು ತಾನೇ ಹುಟ್ಟಿಸುವ ಫೈಲು, ಎಲ್ಲ ಗಂಟುಗಳಲ್ಲೂ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ ಎಂದ. ಅವನು ಹೇಳಿದ್ದು ನಿಜ. ಅವಳ ಗಂಟಿನಲ್ಲೂ ಅದು ಹುಟ್ಟಿತ್ತು. ಅವಳದರಲ್ಲಿ ನಲವತ್ತು ಸಾಲುಗಳಿದ್ದವು. ಅವನದರಲ್ಲಿ ನಲವತ್ತೊಂದು.

ಅವಳು ಆ ಒಂದು ಸಾಲನ್ನು ಓದಿದಳು. ಪರದೆಯನ್ನು ಅವನ ಕಡೆ ತಿರುಗಿಸಿದಳು. ಅವನೂ ಓದಿದ. ಕ್ಲೋರಿನ್ ಹತ್ತು ಪಟ್ಟು ಬಿಡು, ಪರದೆಯ ಮೇಲೆ ಮಾತ್ರ ಮಾಮೂಲಿ ಅಂಕಿ ತೋರಿಸು ಎಂದು ಆ ಸಾಲು ಯಂತ್ರಕ್ಕೆ ಹೇಳುತ್ತಿತ್ತು.

ಅವನ ನಗು ನಿಂತಿತು. ಇದನ್ನು ನಾನು ಬರೆದಿಲ್ಲ ಎಂದ. ಗೇಟು ದಾಟಿ ಬಂದು ಬಾಗಿಲಿನಲ್ಲಿ ನಿಂತವರು ಅವನ ಕೈಯನ್ನೇ ನೋಡುತ್ತಿದ್ದರು. ಇಬ್ಬರು ಅವನನ್ನು ಹೊಡೆಯಲು ತೋಳೇರಿಸಿದರು. ಅವಳು ಅವರನ್ನು ತಡೆದಳು. ನಿಮ್ಮ ಕಂಪ್ಯೂಟರಿನಲ್ಲಿ ಎಲ್ಲರ ಎದುರಿಗೇ ಇನ್ನೊಮ್ಮೆ ಕಟ್ಟಿ ಎಂದು ಅವನಿಗೆ ಹೇಳಿದಳು.

ಅವನು ಕಟ್ಟಿದ. ಆ ಸಾಲನ್ನು ಅವನ ಬೆರಳು ಮುಟ್ಟಲಿಲ್ಲ, ಎಲ್ಲರೂ ನೋಡಿದರು. ಗಂಟು ಬಿಚ್ಚಿದಾಗ ಮತ್ತೆ ನಲವತ್ತೊಂದು ಸಾಲುಗಳಿದ್ದವು. ಯಾರೋ ಅವನಿಗೆ ತಿಳಿಯದೆ ಅವನ ಕಂಪ್ಯೂಟರಿನೊಳಗೆ ಹೊಕ್ಕು, ಗಂಟು ಕಟ್ಟುವಾಗ ಆ ಸಾಲು ತಾನೇ ಸೇರುವಂತೆ ಮಾಡಿದ್ದರು. ಹಳೆಯ ಗಂಟುಗಳನ್ನೂ ಬಿಚ್ಚಿದರು. ಅವು ಸರಿಯಿದ್ದವು. ವಿಷ ಇದ್ದುದು ಈ ಒಂದರಲ್ಲಿ.

ಅವಳು ತಾನು ಕಟ್ಟಿದ ಗಂಟನ್ನು ಯಂತ್ರಕ್ಕೆ ಹಾಕಿದಳು. ನಲ್ಲಿಗಳಲ್ಲಿ ನೀರು ಬಂತು. ತೋಳೇರಿಸಿದವರೇ ಮೊದಲು ಕೊಡ ಇಟ್ಟರು.

ಗುರುಗಳು ಕತೆ ನಿಲ್ಲಿಸಿದರು.

"ಕತೆಯೇನೋ ಸರಿ ಗುರುಗಳೇ. ಆದರೆ ನನ್ನ ಗೆಳೆಯ ಅಂಥವನಲ್ಲ" ಎಂದ ಶಿಷ್ಯ.

"ಆ ಗಂಟು ಕಟ್ಟುವವನೂ ಅಂಥವನಲ್ಲ, ಅದು ಊರಿಗೆ ಗೊತ್ತಾದದ್ದು ಅವಳು ಗಂಟು ಬಿಚ್ಚಿದ್ದರಿಂದ" ಎಂದರು ಗುರುಗಳು.

ಶಿಷ್ಯ ಒಪ್ಪಿಗೆ ಒತ್ತದೆ ಗೆಳೆಯನ ಪ್ಯಾಕೇಜನ್ನು ಬಿಚ್ಚತೊಡಗಿದ.