ವೈಫೈ ಕಿತ್ತು ಕೆಟ್ಟ ವಾರ್ಡನ್

ಜಂಬ ಕೊಚ್ಚಿಕೊಳ್ಳುವ ಮುಂಚೆ ಎದುರಿಗೆ ಓಬಳೇಶನಂಥವನು ಕೂತಿದ್ದಾನೆಯೇ ಎಂದು ನೋಡಿಕೊಳ್ಳಬೇಕು. ನಾನು ನೋಡಿಕೊಳ್ಳಲಿಲ್ಲ.

ನನ್ನ ಹೆಸರು ತಿಪ್ಪೇರುದ್ರಪ್ಪ. ಚಿತ್ರದುರ್ಗದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸರ್ವೆ ಪಾಠ ಮಾಡುತ್ತೇನೆ, ಜೊತೆಗೆ ಹುಡುಗರ ಹಾಸ್ಟೆಲಿನ ವಾರ್ಡನ್. ಹಾಸ್ಟೆಲ್ ಇರುವುದು ಗುಡ್ಡದ ಮರೆಯಲ್ಲಿ. ಮೊಬೈಲ್ ಸಿಗ್ನಲ್ ಅತ್ತ ಸುಳಿಯುವುದಿಲ್ಲ, ಕಾಲೇಜಿನ ವೈಫೈ ಒಂದೇ ಗತಿ. ಆ ವೈಫೈ ಡಬ್ಬಿ ಇದ್ದದ್ದು ನನ್ನ ಕೋಣೆಯಲ್ಲಿ. ಇಷ್ಟು ಅಧಿಕಾರ ಸಿಕ್ಕ ಮೇಲೆ ಯಾರ ತಲೆ ನೆಟ್ಟಗಿರುತ್ತದೆ?

ಹುಡುಗರೆಲ್ಲ ಆನ್‌ಲೈನ್ ಬಂದೂಕಿನ ಆಟಕ್ಕೆ ಬಿದ್ದಿದ್ದರು. ಬೆಳಗಿನ ಕ್ಲಾಸಿನಲ್ಲಿ ಅರ್ಧ ಬೆಂಚು ಖಾಲಿ, ಉಳಿದರ್ಧ ತೂಕಡಿಕೆ. ಪ್ರಿನ್ಸಿಪಾಲ್ ವೈಜಯಂತಿ ಮೇಡಂ ನನ್ನನ್ನು ಕರೆದು, "ಹುಡುಗರನ್ನು ಸ್ವಲ್ಪ ಹತೋಟಿಯಲ್ಲಿಡಿ" ಎಂದರು. ಅವರು ಹೇಳಿದ್ದು ಸ್ವಲ್ಪ. ನಾನು ಡಬ್ಬಿಯನ್ನೇ ಗೋಡೆಯಿಂದ ಕಿತ್ತು ಬೀರುವಿನೊಳಗಿಟ್ಟು ಬೀಗ ಜಡಿದೆ.

ಸಂಜೆ ಮೆಸ್ಸಿನಲ್ಲಿ ಗದ್ದಲವೋ ಗದ್ದಲ. ಗೇಮಿಂಗ್ ತಂಡದ ನಾಯಕ ಗಿರಿಧರ ಅಳುವುದೊಂದು ಬಾಕಿ.

"ಸಾರ್, ಭಾನುವಾರ ಅಂತರ ಕಾಲೇಜು ಫೈನಲ್ ಇದೆ. ವರ್ಷಪೂರ್ತಿ ಆಡಿ ಇಲ್ಲೀವರೆಗೂ ಬಂದಿದೀವಿ. ನೆಟ್ ಇಲ್ಲ ಅಂದ್ರೆ ಆಡದೇ ಸೋತಂಗೆ."

"ಆಟ ಬೇಕಾದರೆ ಅಂಗಳದಲ್ಲಿ ಆಡಿ" ಎಂದೆ.

"ಮತ್ತೆ ಏನಾದ್ರೂ ಹುಡುಕಬೇಕು ಅಂದ್ರೆ?" ಅವನ ರೂಮಿನ ನಯಾಜ್ ಕೇಳಿದ.

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅದರ ಬದಲು ಬೆಂಚು ಹತ್ತಿ ನಿಂತೆ.

"ನಮ್ಮ ಕಾಲದಲ್ಲಿ ಇಂಟರ್ನೆಟ್ ಇತ್ತೇನ್ರೋ? ದೊಡ್ಡವರನ್ನ ಕೇಳ್ತಿದ್ವಿ. ನೀವು ನನ್ನನ್ನ ಕೇಳಿ. ಇಂಟರ್ನೆಟ್ ಮಾಡೋ ಕೆಲಸ ಯಾವುದೇ ಇರಲಿ, ನಾನು ಮಾಡ್ತೀನಿ!"

ಮೂಲೆಯಲ್ಲಿ ಮುದ್ದೆ ಮುರಿಯುತ್ತಿದ್ದ ಓಬಳೇಶ ತಲೆಯೆತ್ತಿದ. ಮೂರನೇ ವರ್ಷದ ಹುಡುಗ, ಮಹಾ ವಿನಯವಂತ. ಅವನು ಸ್ವಲ್ಪ ಜಾಸ್ತಿ ವಿನಯ ತೋರಿಸಿದರೆ ಮೆಸ್ಸಿನ ಭಟ್ಟರು ತುಪ್ಪದ ಡಬ್ಬಿ ಒಳಗಿಡುತ್ತಿದ್ದರು.

"ಯಾವ ಕೆಲಸ ಆದ್ರೂನಾ ಸಾರ್?"

"ಯಾವುದಾದರೂ!"

"ಅಕಸ್ಮಾತ್ ಕೈಲಾಗಲಿಲ್ಲ ಅಂದ್ರೆ?"

"ಆ ಕ್ಷಣವೇ ವೈಫೈ ಹಾಕ್ತೀನಿ."

"ದೊಡ್ಡ ಮನಸ್ಸು ಸಾರ್" ಎಂದು ಎದ್ದು ನಿಂತು ಕೈಮುಗಿದ. ಅದನ್ನು ಕಂಡೂ ನನಗೆ ಅನುಮಾನ ಹುಟ್ಟಲಿಲ್ಲ ಅಂದರೆ ನನ್ನ ಬುದ್ಧಿ ಎಷ್ಟು ಚುರುಕು ನೀವೇ ಲೆಕ್ಕ ಹಾಕಿ.

ಮರುದಿನ ಹಲ್ಲುಜ್ಜುತ್ತಾ ಬಾಗಿಲು ತೆರೆದರೆ ಮೆಟ್ಟಿಲವರೆಗೂ ಹುಡುಗರ ಸಾಲು.

"ಸಾರ್, ರಾತ್ರಿ ಮ್ಯಾಚಲ್ಲಿ ಯಾರು ಗೆದ್ರು?"

"ಸಾರ್, ಬಿಳಿ ಶರ್ಟ್ ಮೇಲೆ ಸಾಂಬಾರ್ ಕಲೆ, ಹೆಂಗೆ ತೆಗೆಯೋದು?"

"ಸಾರ್, ಹುಡುಗಿ ಬರೀ 'ಹ್ಞೂಂ' ಅಂದ್ರೆ ಏನರ್ಥ?"

ಮದುವೆಯಾದಾಗಿನಿಂದ ಆ ಕೊನೆಯ ಪ್ರಶ್ನೆಗೆ ನಾನೇ ಉತ್ತರ ಹುಡುಕುತ್ತಿದ್ದೇನೆ. ಬಾಯಿ ತುಂಬ ಪೇಸ್ಟಿನ ನೊರೆ ಇದ್ದದ್ದರಿಂದ ಮಾತು ಹೊರಡಲಿಲ್ಲ. ನಯಾಜ್ ಹಿಂದೆ ತಿರುಗಿ, "ತಡೀರೋ, ಲೋಡ್ ಆಗ್ತಿದೆ" ಎಂದ.

ನಾನೇನು ಸೋಲೊಪ್ಪಲಿಲ್ಲ. ಪೇಪರ್ ತರಿಸಿ ಸ್ಕೋರ್ ಹೇಳಿದೆ. ಕಲೆಗೆ ನಿಂಬೆಹಣ್ಣು ಅಂದೆ. 'ಹ್ಞೂಂ' ಅಂದರೆ 'ಹ್ಞೂಂ' ಅಂತ ಗದರಿ ಕಳಿಸಿದೆ. ಸಾಲು ಮಾತ್ರ ಕರಗಲಿಲ್ಲ. ಕ್ಲಾಸಿಗೂ ಬಂತು, ಊಟಕ್ಕೂ ಬಂತು, ಬಾತ್‌ರೂಮಿನ ಬಾಗಿಲಿಗೂ ಬಂತು.

ಸಂಜೆ ಓಬಳೇಶ ಇಡೀ ಹಾಸ್ಟೆಲನ್ನು ಅಂಗಳಕ್ಕೆ ಇಳಿಸಿದ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬಂದೂಕು: ಪೊರಕೆ, ಕ್ರಿಕೆಟ್ ಬ್ಯಾಟು, ಮುರಿದ ಛತ್ರಿ.

"ನೀವು ಹೇಳಿದಂಗೇ ಅಂಗಳದಲ್ಲಿ ಆಡ್ತೀವಿ ಸಾರ್. ಆದ್ರೆ ಸರ್ವರ್ ಇಲ್ಲ."

"ಅದೇನು?"

"ಯಾರು ಎಲ್ಲಿದಾರೆ, ಯಾರ ಗುಂಡು ಯಾರಿಗೆ ಬಿತ್ತು, ಯಾರು ಸತ್ರು, ಎಲ್ಲಾ ನೋಡ್ಕೊಳ್ಳೋದು ಸಾರ್. ಇಂಟರ್ನೆಟ್ಟಲ್ಲಿ ಅದೇ ಮಾಡ್ತಿತ್ತು. ವಯಸ್ಸಾಗಿದೆ ಅಂದ್ರೆ ಬಿಟ್ಟುಬಿಡಿ..."

"ಯಾರಿಗೋ ವಯಸ್ಸಾಗಿರೋದು? ಶುರು ಮಾಡ್ರೋ!"

ಶುರುವಾಯಿತು. ನೀರಿನ ಟ್ಯಾಂಕಿನ ಹಿಂದಿನಿಂದ ಒಬ್ಬ "ಢಂ" ಅಂದ. ಬಟ್ಟೆ ಒಣಹಾಕಿದ ಕಡೆಯಿಂದ ಇನ್ನೊಬ್ಬ, "ತಾಗಿಲ್ಲ ಸಾರ್, ಚಡ್ಡಿಗೆ ತಾಗಿದ್ದು, ಅದೂ ನನ್ನದಲ್ಲ" ಎಂದು ಕೂಗಿದ. ನಾನು ಟ್ಯಾಂಕಿಗೆ ಓಡಿದೆ. ಅಷ್ಟರಲ್ಲಿ ಸೈಕಲ್ ಸ್ಟ್ಯಾಂಡಿನಲ್ಲಿ ಕೊಲೆಗಳಾದವು. ಅಲ್ಲಿಗೆ ಓಡಿದೆ. ಟ್ಯಾಂಕಿನ ಹತ್ತಿರ ಸತ್ತವನು ಎದ್ದು ಅಡುಗೆಮನೆ ಕಡೆ ನುಗ್ಗಿದ. ಎಲ್ಲ ಕಡೆಯಿಂದಲೂ "ಸಾರ್", "ಸಾರ್", "ಸಾರ್".

"ಲೋ ಗಿರಿಧರ, ನೀನು ಸತ್ತು ಆಗಲೇ ಹೊತ್ತಾಯ್ತು, ಮಲಗೋ!" ಎಂದು ಗಂಟಲು ಹರಿಯುವಂತೆ ಕಿರುಚಿದೆ. ಕಣ್ಣು ಕತ್ತಲಿಟ್ಟಿತು. ಹಾಗೇ ಮೆಟ್ಟಿಲ ಮೇಲೆ ಕುಸಿದೆ. ಒಂದು ಚಪ್ಪಲಿ ಕಾಲಲ್ಲಿತ್ತು, ಇನ್ನೊಂದು ಯುದ್ಧಭೂಮಿಯಲ್ಲಿ.

ಅದೇ ಹೊತ್ತಿಗೆ ಗೇಟಿನಲ್ಲಿ ವೈಜಯಂತಿ ಮೇಡಂ.

ಅಂಗಳದ ತುಂಬ ಬಿದ್ದಿದ್ದ ಹುಡುಗರನ್ನು ದಾಟಿಕೊಂಡು ಬಂದರು. "ಏನಿದೆಲ್ಲ? ತಿಪ್ಪೇರುದ್ರಪ್ಪನವರಿಗೆ ಏನಾಯ್ತು?"

ಓಬಳೇಶ ಪೊರಕೆ ಕೆಳಗಿಟ್ಟು, ಕೈಕಟ್ಟಿ ನಿಂತು ಹೇಳಿದ: "ಸರ್ವರ್ ಡೌನ್ ಆಗಿದೆ ಮೇಡಂ."

ಸತ್ತು ಬಿದ್ದಿದ್ದವರೂ ಎದ್ದು ಕೂತು ನಕ್ಕರು. ಮೇಡಂ ಪೂರ್ತಿ ಕತೆ ಕೇಳಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಗು ನಿಂತ ಮೇಲೆ, "ಕೊಟ್ಟ ಮಾತು ನಡೆಸಿಕೊಡಿ" ಎಂದು ನನಗೂ, "ಬೆಳಗಿನ ಕ್ಲಾಸ್ ತಪ್ಪಿಸಿದವನಿಗೆ ಸಂಜೆ ನೆಟ್ ಇಲ್ಲ" ಎಂದು ಹುಡುಗರಿಗೂ ಹೇಳಿದರು. ನಾನು ಬೀರುವಿನ ಕೀ ಕೊಟ್ಟೆ, ಮೇಲೇಳಲು ಆಗುತ್ತಿರಲಿಲ್ಲ. ಭಾನುವಾರ ನಮ್ಮ ತಂಡ ಫೈನಲ್ ಆಡಿ ಎರಡನೆಯದಾಗಿ ಬಂತು, ಅದಿರಲಿ.

"ನಿನಗೇನು ಬಹುಮಾನ ಬೇಕೋ?" ಅವತ್ತು ಹೊರಡುವ ಮುಂಚೆ ಮೇಡಂ ಓಬಳೇಶನನ್ನು ಕೇಳಿದರು.

"ನನಗೇನೂ ಬೇಡ ಮೇಡಂ. ವಾರ್ಡನ್ ಸಾರ್‌ಗೆ ನಾಳೆ ಒಂದು ದಿನ ರಜಾ ಕೊಡಿ. ಬೆಳಗ್ಗೆಯಿಂದ ಇಡೀ ಹಾಸ್ಟೆಲ್ಲು ಅವರೊಬ್ಬರಿಗೇ ಕನೆಕ್ಟ್ ಆಗಿದೆ."