ಹಿಮದಡಿಯ ಹುಲ್ಲು

"ಗುರುಗಳೇ, ಬಾಳಯ್ಯನಿಂದ ಹಾಡಿಸುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಬಾಳಯ್ಯ ಮಠದ ಹಾಡುಗಾರ. ಮಗಳು ತೀರಿಕೊಂಡ ಮೇಲೆ ಮೂರು ತಿಂಗಳಿಂದ ಹಾಡಿರಲಿಲ್ಲ. ನಾಡಿದ್ದು ಮಠಕ್ಕೆ ದೂರದ ಭಕ್ತರು ಬರುವವರಿದ್ದರು. ಹಾಡಿನ ಹೊಣೆ ಈ ಶಿಷ್ಯನದು. ಅವನು ದಿನವೂ ನಸುಕಿನಲ್ಲಿ ಬಾಳಯ್ಯನನ್ನು ಎಬ್ಬಿಸಿ, ತಂಬೂರಿ ಕೈಗಿಟ್ಟು, ಎದುರಿಗೆ ಕೂರುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಹಿಮ ಬೀಳುವ ನಾಡಿನಲ್ಲಿ ಒಬ್ಬ ಮಾಲಿಯಿದ್ದ. ಅರಮನೆಯ ಮುಂದಿನ ಹುಲ್ಲುಹಾಸನ್ನು ಕಾಯುವುದು ಅವನ ಕೆಲಸ. ಇರಲು ಮನೆಯನ್ನೂ ಅರಮನೆಯೇ ಕೊಟ್ಟಿತ್ತು. ಒಂದು ವರ್ಷ ಚಳಿ ಬೇಗ ಬಂತು. ಹುಲ್ಲು ಹಳದಿಗೆ ತಿರುಗಿತು. ಕಾರಭಾರಿ ಬಂದು ನೋಡಿ, "ಯುಗಾದಿಗೆ ಅರಮನೆಗೆ ನೆಂಟರು ಬರುತ್ತಾರೆ. ಅಂದು ಇದು ಹಸಿರಾಗಿರಬೇಕು. ಇಲ್ಲವೆಂದರೆ ಮನೆ ಖಾಲಿ ಮಾಡು" ಎಂದ.

ಮಾಲಿ ಮನೆಗೆ ಓಡಿ ವಿಷಯ ಹೇಳಿದ. ಅವನ ಮುದಿ ತಾಯಿ ಆಯುಸ್ಸೆಲ್ಲ ಹುಲ್ಲಿನಲ್ಲೇ ಕಳೆದವಳು. "ಅದು ಸಾಯ್ತಿಲ್ಲ ಕಣೋ, ಮಲಗಿದೆ. ಚಳೀಲಿ ಹುಲ್ಲಿನ ಜೀವ ಬೇರಿಗೆ ಇಳಿಯುತ್ತೆ. ಬಿದ್ದ ಎಲೆ ಗುಡಿಸು, ನೀರು ನಿಲ್ಲದ ಹಾಗೆ ನೋಡ್ಕೋ, ಮೇಲೆ ಓಡಾಡಬೇಡ. ಅಷ್ಟೇ ನಿನ್ನ ಕೆಲಸ" ಎಂದಳು.

ಹೆದರಿದವನಿಗೆ ಅಷ್ಟು ಸಣ್ಣ ಕೆಲಸ ಸಾಲುತ್ತದೆಯೇ? ಗಾಡಿಗಟ್ಟಲೆ ಕುರಿಗೊಬ್ಬರ ತಂದು ಸುರಿದ. ದಿನವೂ ಉಗುರು ಬೆಚ್ಚಗಿನ ನೀರು ಹನಿಸಿದ. ಒಂದು ಮೂಲೆಗೆ ಮಾತ್ರ ಗೊಬ್ಬರ ಸಾಲಲಿಲ್ಲ. ಅಲ್ಲಿ ಯಾರು ನೋಡುತ್ತಾರೆಂದು ಬಿಟ್ಟುಬಿಟ್ಟ. ಹದಿನೈದು ದಿನಕ್ಕೆ ಹುಲ್ಲು ಚಿಗುರಿತು. ಕಂಡವರೆಲ್ಲ ಹೊಗಳಿದರು, ಬಾಯಿಗೇನು ಬಾಡಿಗೆ? ತಾಯಿ ಆ ಎಳೆ ಗರಿಯನ್ನು ಬೆರಳಲ್ಲಿ ಹಿಸುಕಿ ನೋಡಿ, ಬೆರಳಿಗಂಟಿದ ನೀರನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.

ಅದೇ ವಾರ ಹಿಮ ಬಿತ್ತು. ಮೂರು ತಿಂಗಳು ಕರಗಲಿಲ್ಲ. ಮಾಲಿ ದಿನವೂ ಬಾಗಿಲಲ್ಲಿ ನಿಂತು ಆ ಬಿಳುಪನ್ನೇ ನೋಡುತ್ತಿದ್ದ. ಅದರಡಿ ಏನಾಗುತ್ತಿದೆಯೆಂದು ತಿಳಿಯುತ್ತಿರಲಿಲ್ಲ.

ಯುಗಾದಿಗೆ ನಾಲ್ಕು ದಿನವಿರುವಾಗ ನೆಲ ಕಂಡಿತು. ತಟ್ಟೆಯಗಲದ ಬೂಷ್ಟಿನ ಕಲೆಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಗೊಬ್ಬರಕ್ಕೆ ಎದ್ದ ಎಳೆ ಹುಲ್ಲಿಗೆ ಬಲಿಯಲು ಸಮಯ ಸಿಕ್ಕಿರಲಿಲ್ಲ, ಹಿಮದಡಿ ಕೊಳೆತಿತ್ತು. ಹಿಡಿದೆಳೆದರೆ ಬೇರುಸಹಿತ ಕೈಗೆ ಬಂತು.

ಯುಗಾದಿಯ ಬೆಳಿಗ್ಗೆ ಕಾರಭಾರಿ ಬಂದ. ಹುಲ್ಲುಹಾಸನ್ನು ಒಮ್ಮೆ ನೋಡಿದ. ಬೀಗದ ಕೈಗೆಂದು ಅಂಗೈ ಚಾಚಿದ. ಮಾಲಿ ಗಂಟು ಹೊತ್ತು, ತಾಯಿಯನ್ನು ಮುಂದಿಟ್ಟುಕೊಂಡು ಹೊರಟ. ದಾರಿ ಆ ಬಿಟ್ಟ ಮೂಲೆಯ ಮೇಲೆಯೇ ಹೋಗುತ್ತಿತ್ತು. ಅಲ್ಲಿ ಹಳದಿ ಗರಿಗಳ ನಡುವೆ ಹುಲ್ಲು ತಾನಾಗಿ ಹಸಿರೊಡೆದಿತ್ತು. ತಾಯಿ ಅದನ್ನು ತುಳಿಯದೆ ಸುತ್ತುಹಾಕಿ ನಡೆದಳು.

ಕತೆ ಮುಗಿದರೂ ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಗುರುಗಳೇ, ಮಾಲಿ ಹುಲ್ಲಿನ ಒಳ್ಳೆಯದಕ್ಕೇ ಮಾಡಿದನಲ್ಲ" ಎಂದ.

ಗುರುಗಳು ಹೇಳಿದರು: "ಆ ಚಳಿಯಲ್ಲಿ ಹಸಿರು ಬೇಕಾಗಿದ್ದದ್ದು ಹುಲ್ಲಿಗಲ್ಲ. ಈಗ ಹೇಳು, ನಾಡಿದ್ದು ಹಾಡು ಬೇಕಾಗಿರುವುದು ಯಾರಿಗೆ?"